ಕರಡಿಯ ಲೆಕ್ಕ

ಎರಡು ರೂಲಿನ ಪುಸ್ತಕ, ಹಿಂದಿನ ರಟ್ಟಿನ ಮೇಲೆ ಮಗ್ಗಿ.
ಉದ್ದಕ್ಕೆ ಗೆರೆ ಎಳೆದು ಕೊಟ್ಟವರು ಅರಣ್ಯ ಕಚೇರಿಯವರು:
ನೆಟ್ಟದ್ದು. ಬದುಕಿದ್ದು. ಸತ್ತದ್ದು. ಷರಾ.
ಕಾರೆಹಟ್ಟಿಯಲ್ಲಿ ಏಳನೇ ಕ್ಲಾಸು ದಾಟಿದ ಹೆಂಗಸು
ನಾನೊಬ್ಬಳೇ ಅಂತ ಪೆನ್ನು ನನ್ನ ಕೈಗೆ ಬಂತು.

ಮೊದಲ ವರ್ಷ ಬರೆದೆ:
ಕಮರ ಸಾವಿರದ ನೂರು. ದಿಂಡಿಗ ಮುನ್ನೂರು.
ಬಿಕ್ಕೆ, ಕವಳೆ, ತುಗ್ಗಲಿ ಬೀಜ ಸಿಕ್ಕಷ್ಟು.
ಹಾಲಿನ ಕವರು ತೊಳೆದು, ತಳಕ್ಕೆ ದಬ್ಬಳದಲ್ಲಿ ಚುಚ್ಚಿ,
ಕುರಿಗೊಬ್ಬರ ಕೆಮ್ಮಣ್ಣು ತುಂಬಿ
ಶಾಲೆಯ ಹಿಂದೆ ಸಾಲಾಗಿ ಕೂರಿಸಿದ್ದೆವು.
ಚಿತ್ತವ್ವ ಬೆಳಗಾದರೆ ತಮಾಷೆಗೆ ಹಾಜರಿ ಕೂಗುವಳು;
ಗಾಳಿ ಬೀಸಿದರೆ
ಎಲ್ಲವೂ ಒಟ್ಟಿಗೇ ತಲೆ ಆಡಿಸುವವು.

ನೆತ್ತಿಗುಡ್ಡದ ತುದಿಗೆ ಒಂದೂವರೆ ಗಂಟೆ ಏರು.
ಮಂಕರಿಯಲ್ಲಿ ಸಸಿ, ಸೊಂಟದಲ್ಲಿ ನೀರು,
ಬೆನ್ನ ಮೇಲೆ ಗಾಳಿಯಂತ್ರದ ರೆಕ್ಕೆಯ ನೆರಳು
ಹಾದು, ಹಾದು, ಹಾದು ಹೋಗುವುದು,
ಯಾರೋ ನಮ್ಮನ್ನೇ ಎಣಿಸುತ್ತಿದ್ದಾರೆ ಅನ್ನುವ ಹಾಗೆ.
ಎದುರಿಗೆ ಜೋಗಿಮಟ್ಟಿ, ತಲೆಗೆ ಮೋಡದ ಟವೆಲ್ಲು.
ನಮ್ಮದು ಮಾತ್ರ ಬೋಳು:
ಲಂಟಾನ, ಕಲ್ಲು, ನೀಲಗಿರಿಯ ಮೋಟು.

ಶಿವರಾತ್ರಿ ಕಳೆದ ಮೂರನೇ ರಾತ್ರಿ
ಬಾದೆ ಹುಲ್ಲಿಗೆ ಬೆಂಕಿ ಬಿತ್ತು.
ಲಕ್ಕಿ ಸೊಪ್ಪು ಮುರಿದು ಬಡಿದೆವು, ಸೀರೆ ಸುಟ್ಟುಕೊಂಡೆವು.
ಬೆಳಿಗ್ಗೆ ಮೂರನೇ ಕಾಲಮ್ಮಿಗೆ ಬಂದು
‘ಕಮರಿದ್ದು: ಕಮರ’ ಎಂದು ಬರೆಯುವಾಗ
ಪದ ನನ್ನ ನಾಲಿಗೆಗೇ ತೊಡರಿತು.

ಹಚ್ಚಿದವ ಯಾರೆಂದು ಹಟ್ಟಿಗೆಲ್ಲ ಗೊತ್ತು.
ಕ್ಯಾತಜ್ಜನ ಅಳಿಯ ಬೋಸಣ್ಣ.
ಎಳೆ ಹುಲ್ಲು ಬರಲಿ ಅಂತ; ಅವನ ತಾತನೂ ಹಚ್ಚಿದ್ದ,
ತಾತನ ತಾತನೂ.
ಕಟ್ಟೆಯ ಮೇಲೆ ಯಾರೂ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಅಜ್ಜ ಎಲೆಅಡಿಕೆ ಉಗಿದು ಹೇಳಿದ:
‘ದಂಡ ಬ್ಯಾಡ. ಮೂರು ಬೇಸಿಗೆ ಬೆಂಕಿಗೆರೆ ಇವನೇ ಸವರಲಿ.
ಮೂಡಲ ಮಗ್ಗುಲಿಗೆ ನನ್ನ ಕುರೀನೂ ಬಿಡಲ್ಲ.
ಹುಲ್ಲು ಕುಯ್ದು ತರಾಣ, ಮನೆಗೊಂದು ಹೊರೆ.’
ಬೋಸಣ್ಣ ಕಂಬಳಿಯ ಅಂಚಿನ ದಾರ ಕೀಳುತ್ತಾ ಕೂತಿದ್ದ.

ಮುಂಗಾರಿಗೆ ಗುಡ್ಡ ಹತ್ತಿದಾಗ
ಕರಕಲು ಕಡ್ಡಿಯ ಬುಡದಲ್ಲಿ ಎರಡೆರಡು ಎಲೆ,
ಪಾತರಗಿತ್ತಿ ರೆಕ್ಕೆ ಮಡಚಿ ಬಿಚ್ಚಿದಂತೆ.
ಅಜ್ಜ ಒಂದನ್ನು ಬಿಡದೆ ಬಗೆದ, ಬಗೆದ,
ಅವನ ಊರುಗೋಲು ಮುಗಿಯಿತು, ಬೇರು ಮುಗಿಯಲಿಲ್ಲ.
‘ಮೊದಲು ಕೆಳಕ್ಕೆ ಬೆಳೆಯೋ ಜಾತಿ ಕಣವ್ವ ಇದು.
ನೀನು ಮ್ಯಾಲಿಂದ ಎಣಿಸ್ತಾ ಕುಂತೀಯ.’
ಒಂದು ಸಸಿ ಹಾಳಾಯಿತು ಅಂತ ಚಿತ್ತವ್ವ ಬೈದಳು.
ಬರೆದುಕೊಂಡೆ: ಸತ್ತದ್ದು, ಒಂದು. ಅಜ್ಜನಿಂದ.

ಬೆಂಕಿಗೆರೆ ಸವರಲು ಹೋದ ಬೋಸಣ್ಣ
ಒಂದು ಮುಂಜಾನೆ ಮುತ್ತುಗದ ಎಲೆಯಲ್ಲಿ ಏನೋ ತಂದ,
ಪ್ರಸಾದ ಹಿಡಿದ ಹಾಗೆ, ಎರಡೂ ಕೈಯಲ್ಲಿ.
ಕರಡಿಯ ಲದ್ದಿ.
ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದರೆ
ತುಂಬ ಬೀಜ: ಬೋರೆ, ಕಕ್ಕೆ, ಕಾರೆ,
ಇನ್ನೊಂದು ಯಾವುದೋ; ಅಜ್ಜನಿಗೂ ಹೆಸರು ಬರಲಿಲ್ಲ.
ನಾವು ಬಿಸಿನೀರಲ್ಲಿ ನೆನೆಸಿ, ಉಜ್ಜಿ, ಮುದ್ದು ಮಾಡಿದ ಕಕ್ಕೆ
ಹತ್ತಕ್ಕೆ ಎರಡು ಮೊಳೆತಿದ್ದವು.
ಅದರ ಹೊಟ್ಟೆ ದಾಟಿ ಬಂದವು ಹತ್ತಕ್ಕೆ ಏಳು.
ಆಮೇಲಾಮೇಲೆ ಕಾಣತೊಡಗಿದವು:
ಬಂಡೆಯ ಸೀಳಲ್ಲಿ, ಕಮರಿಯ ಅಂಚಲ್ಲಿ,
ನಮ್ಮ ಹೆಜ್ಜೆ ಹೋಗದ ಕಡೆ ಮೊಣಕಾಲೆತ್ತರದ ಕಾಡು.

ಅಳೆಯಲು ಬಂದ ಸಾಹೇಬರು ಪುಸ್ತಕ ತಿರುವಿ ಕೇಳಿದರು:
‘ಬದುಕಿದ್ದು ನೆಟ್ಟದ್ದಕ್ಕಿಂತ ಜಾಸ್ತಿ ಹೇಗಮ್ಮ?’
ಷರಾ ತೋರಿಸಿದೆ. ‘ಕರಡಿ’ ಎಂದಿತ್ತು.
ಅವರು ನಗಲಿಲ್ಲ. ಸಹಿ ಹಾಕಲೂ ಇಲ್ಲ.
ನೀರು ಕುಡಿದು, ಟೋಪಿ ಇಟ್ಟುಕೊಂಡು ಇಳಿದು ಹೋದರು.

ಆ ಸಂಜೆ ಅಡ್ಡಪಟ್ಟಿ ಇಲ್ಲದೆ
ಕೈಯಲ್ಲೇ ಇನ್ನೊಂದು ಗೆರೆ ಎಳೆದೆ, ಸೊಟ್ಟಗೆ.
ತಲೆಬರಹ: ಗೊತ್ತಿಲ್ಲದ್ದು.

ಇವತ್ತು ಅದರಲ್ಲಿ ಏನೂ ಬರೆದಿಲ್ಲ.
ಮಂಜು ಇತ್ತು. ಗುಡ್ಡ ಕಾಣಲಿಲ್ಲ.
ಮೇಲೆಲ್ಲೋ ಎಲೆಯಿಂದ ಎಲೆಗೆ ಹನಿ ಬೀಳುವ ಸದ್ದು;
ಮೊದಲು ಅಲ್ಲಿ ಹನಿ
ಕಲ್ಲಿನ ಮೇಲೆ ಬೀಳುತ್ತಿತ್ತು.